ಸ್ಲೀವ್ ಆಪರೇಷನ್ ಆದವರಿಗೆ ನಾಲ್ಕು ಗಂಟೆಯ ಹಸಿವು

ಬ್ಲೌಸ್ ಹೊಲಿಸಲು ಬರುವವರು ಜೊತೆಗೆ ಒಂದು ಅಳತೆ ಬ್ಲೌಸ್ ತರುತ್ತಾರೆ. ಮೈಗೆ ಸರಿಯಾಗಿ ಕೂತ ಹಳೆಯ ಬ್ಲೌಸ್ ಅದು. ಅದನ್ನು ಮುಂದೆ ಇಟ್ಟುಕೊಂಡು ನಾನು ಹೊಸದನ್ನು ಕತ್ತರಿಸುತ್ತೇನೆ. ನನಗೂ ಅಂಥದ್ದೊಂದು ಇದೆ. ಕಡುಹಸಿರು ಬಣ್ಣದ್ದು. ಒಳಗೆ ಮಾರ್ಜಿನ್ ಬಿಡದೆ ಹೊಲಿದಿದ್ದೇನೆ, ಬಿಚ್ಚಿ ಸಡಿಲ ಮಾಡಲು ಬರಬಾರದು ಅಂತ. ತಿಂಗಳ ಮೊದಲ ಭಾನುವಾರ ಸ್ನಾನ ಆದ ಮೇಲೆ ಅದನ್ನು ಹಾಕಿ ನೋಡುತ್ತೇನೆ. ಹುಕ್ಕು ಸಲೀಸಾಗಿ ಬಿದ್ದರೆ ಆ ತಿಂಗಳು ಸರಿ ಇದೆ. ಎಳೆದು ಹಾಕಬೇಕಾದರೆ ಎಲ್ಲೋ ಜಾರುತ್ತಿದ್ದೇನೆ ಅಂತ ಲೆಕ್ಕ.

ನಾನು ದಾವಣಗೆರೆಯ ವಿನೋಬನಗರದಲ್ಲಿ ಟೈಲರಿಂಗ್ ಮಾಡುತ್ತೇನೆ. ವಯಸ್ಸು 46. ನಾಲ್ಕೂವರೆ ವರ್ಷದ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಆಯಿತು. ಆಗ ನನ್ನ ತೂಕ 118 ಕೆಜಿ. ಶುಗರ್ ಇತ್ತು, ಬಿಪಿ ಇತ್ತು. ಮಂಡಿನೋವಿಗೆ ಮಷಿನ್ ತುಳಿಯಲು ಆಗದೆ ಮೋಟಾರ್ ಹಾಕಿಸಿಕೊಂಡಿದ್ದೆ. ಆಪರೇಷನ್ ಆಗಿ 14 ತಿಂಗಳಿಗೆ 79ಕ್ಕೆ ಬಂದೆ. ಮೂರನೇ ವರ್ಷದಲ್ಲಿ ಮತ್ತೆ 87 ಆಯಿತು. ಈಗ 82ರಲ್ಲಿ ನಿಂತಿದ್ದೇನೆ. ಆ 8 ಕೆಜಿ ಯಾಕೆ ಬಂತು, ಅದರಲ್ಲಿ 5 ಹೇಗೆ ಹೋಯಿತು ಅನ್ನುವುದನ್ನೇ ಮುಖ್ಯವಾಗಿ ಬರೆಯುತ್ತಿದ್ದೇನೆ. ಮೊದಲ ವರ್ಷದ ಬಗ್ಗೆ ಡಾಕ್ಟರು, ಡಯಟಿಶಿಯನ್ ಎಲ್ಲರೂ ಹೇಳುತ್ತಾರೆ. ಆಮೇಲಿನ ವರ್ಷಗಳಲ್ಲಿ ನಾವು ಒಬ್ಬರೇ ಆಗಿಬಿಡುತ್ತೇವೆ.

ಮೊದಲು ಹೊಟ್ಟೆಗೆ ಏನಾಗಿದೆ ಅಂತ ತಿಳಿದಿರಲಿ. ನನಗೆ ಆಗಿದ್ದು ಸ್ಲೀವ್. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ತೆಗೆದ ಭಾಗದಲ್ಲೇ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನು ಹೆಚ್ಚು ತಯಾರಾಗುತ್ತದೆ. ಅದಕ್ಕೇ ಮೊದಮೊದಲು ಹಸಿವೇ ಆಗುವುದಿಲ್ಲ. ನನಗೆ ಎಂಟು ತಿಂಗಳು ಊಟದ ನೆನಪೇ ಬರುತ್ತಿರಲಿಲ್ಲ. ಇನ್ನು ಹೀಗೇ ಇರುತ್ತೆ ಅಂತ ನಂಬಿಬಿಟ್ಟೆ. ಆದರೆ ಹಸಿವು ನಿಧಾನಕ್ಕೆ ವಾಪಸ್ ಬರುತ್ತದೆ. ಕೊಳವೆಯೂ ಸ್ವಲ್ಪ ಹಿಗ್ಗುತ್ತದೆ. ಸಾಮಾನ್ಯವಾಗಿ 12ರಿಂದ 18 ತಿಂಗಳವರೆಗೆ ತೂಕ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಹಸಿವಿಲ್ಲದ ಆ ದಿನಗಳಲ್ಲೇ ಹೊಸ ರೂಢಿ ಕೂರಿಸಿಕೊಳ್ಳಬೇಕು. ಹಸಿವು ಬಂದ ಮೇಲೆ ಕಲಿಯಲು ಹೋದರೆ ಕಷ್ಟ. ನಾನು ಹಾಗೆ ತಡವಾಗಿ ಕಲಿತವಳು.

ಮೊದಲ ಎರಡು ತಿಂಗಳು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಆಸ್ಪತ್ರೆಯವರು ಕೊಟ್ಟ ಚೀಟಿಯೇ ಇಲ್ಲಿ ಮುಖ್ಯ. ನನಗೆ ಮೊದಲು ಬರೀ ತಿಳಿನೀರಿನಂಥದ್ದು, ಎರಡು ವಾರ ಮುಗಿಯುವವರೆಗೆ ಕುಡಿಯುವಂಥದ್ದು, ಆಮೇಲೆ ನುಣ್ಣಗೆ ರುಬ್ಬಿದ್ದು, ನಂತರ ಮೆತ್ತಗೆ ಬೆಂದದ್ದು. ಸುಮಾರು ಎಂಟನೇ ವಾರಕ್ಕೆ ಮಾಮೂಲಿ ಊಟ. ನಮ್ಮ ಅಡುಗೆಮನೆಯಲ್ಲೇ ಇದಕ್ಕೆಲ್ಲ ದಾರಿ ಇದೆ. ತೊಗರಿಬೇಳೆ ಕಟ್ಟನ್ನು ಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು ಹಾಕಿ ಕುಡಿದೆ. ಮಜ್ಜಿಗೆ ತಿಳಿ ಕುಡಿದೆ. ಆಮೇಲೆ ಹೆಸರುಬೇಳೆಯನ್ನು ಗಂಜಿಯ ಹಾಗೆ ಬೇಯಿಸಿ ಮಿಕ್ಸಿಗೆ ಹಾಕಿದೆ. ಅದಾದ ಮೇಲೆ ಕಿವುಚಿದ ಪನೀರು, ಮೆತ್ತಗೆ ಬೇಯಿಸಿದ ಮೊಟ್ಟೆ.

ಒಂದು ಎಚ್ಚರಿಕೆ. ಶುಗರ್, ಬಿಪಿ ಮಾತ್ರೆಗಳ ಹಳೆಯ ಡೋಸನ್ನು ಸುಮ್ನೆ ಮುಂದುವರಿಸಬೇಡಿ. ಆಪರೇಷನ್ ಆದ ಕೂಡಲೇ ಶುಗರ್ ಇಳಿಯಲು ಶುರುವಾಗುತ್ತದೆ. ಹಳೆಯ ಡೋಸ್ ತೆಗೆದುಕೊಂಡರೆ ಅದು ಕುಸಿದು ತಲೆ ತಿರುಗಬಹುದು. ಎಷ್ಟು ತೆಗೆದುಕೊಳ್ಳಬೇಕು, ಯಾವುದನ್ನು ನಿಲ್ಲಿಸಬೇಕು ಅಂತ ಡಿಸ್ಚಾರ್ಜ್ ದಿನವೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಮುದ್ದೆ ನುಂಗಬೇಡಿ

ನನ್ನ ತವರು ಚಳ್ಳಕೆರೆ ಕಡೆ. ಅಲ್ಲಿ ಮುದ್ದೆ ಇಲ್ಲದೆ ಊಟ ಇಲ್ಲ. ಮೂರನೇ ತಿಂಗಳು ಅವ್ವನ ಮನೆಗೆ ಹೋಗಿದ್ದೆ. "ಎರಡೇ ತುತ್ತು ಉಣ್ಣವ್ವ, ಮೈಯಾಗೆ ಶಕ್ತಿನೇ ಇಲ್ಲ" ಅಂತ ಅವ್ವ ಬಿಸಿ ಮುದ್ದೆ, ಹುರುಳಿ ಸಾರು ಇಟ್ಟಳು. ನಾನು ಹುಟ್ಟಿದಾಗಿನಿಂದ ಕಲಿತ ಹಾಗೆ ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದೆ. ಅಗಿಯಲಿಲ್ಲ. ಮುದ್ದೆಯನ್ನು ಯಾರು ಅಗಿಯುತ್ತಾರೆ?

ಎರಡನೇ ತುತ್ತಿಗೆ ಎದೆಯ ಮಧ್ಯೆ ಕಲ್ಲು ಇಟ್ಟ ಹಾಗಾಯಿತು. ಬಾಯಲ್ಲಿ ಜೊಲ್ಲು ತುಂಬಿತು. ಬೆನ್ನಿನವರೆಗೂ ನೋವು. ಮುಕ್ಕಾಲು ಗಂಟೆ ಓಡಾಡಿ, ಕೊನೆಗೆ ವಾಂತಿ ಆದ ಮೇಲೆ ಸಮಾಧಾನ ಆಯಿತು. ಅವ್ವ ಅಳುತ್ತಾ ಕೂತಿದ್ದಳು, ತಾನೇ ತಪ್ಪು ಮಾಡಿದೆ ಅಂತ.

ಅವತ್ತಿನಿಂದ ಇಟ್ಟುಕೊಂಡ ರೂಢಿ ಇದು. ಚಹಾ ಚಮಚ ತೆಗೆದುಕೊಳ್ಳಿ. ಚಮಚದ ತುದಿಯಷ್ಟು ಮಾತ್ರ ಬಾಯಿಗೆ ಹಾಕಿ. ಬಾಯಲ್ಲೇ ಹಿಟ್ಟಿನಂತೆ ಆಗುವ ತನಕ ಅಗಿಯಿರಿ. ನುಂಗಿದ ಮೇಲೆ ಚಮಚ ಕೆಳಗಿಡಿ. ಕೈಯಲ್ಲಿ ಚಮಚ ಇದ್ದರೆ ಮುಂದಿನ ತುತ್ತು ತಾನಾಗಿ ಮೇಲೆ ಬರುತ್ತದೆ. ಒಂದು ಊಟಕ್ಕೆ 20ರಿಂದ 30 ನಿಮಿಷ ಇಟ್ಟುಕೊಳ್ಳಿ.

ಹೊಟ್ಟೆ ತುಂಬಿದ್ದು ಈಗ ಮೊದಲಿನ ಹಾಗೆ ಗೊತ್ತಾಗುವುದಿಲ್ಲ. ನನಗೆ ಒಂದು ಬಿಕ್ಕಳಿಕೆ ಬರುತ್ತದೆ. ಕೆಲವರಿಗೆ ಮೂಗು ಸೋರುತ್ತದೆ, ಕೆಲವರಿಗೆ ಸೀನು ಬರುತ್ತದೆ, ಕೆಲವರಿಗೆ ಎದೆ ಬಿಗಿಯುತ್ತದೆ. ನಿಮ್ಮ ಗುರುತು ಯಾವುದು ಅಂತ ಒಂದು ವಾರ ಗಮನ ಇಟ್ಟು ಕಂಡುಕೊಳ್ಳಿ. ಅದು ಬಂದ ಕೂಡಲೇ ತಟ್ಟೆ ಸರಿಸಿ. ತಟ್ಟೆಯಲ್ಲಿ ಅನ್ನ ಬಿಡಬಾರದು ಅಂತ ನಮಗೆ ಚಿಕ್ಕಂದಿನಿಂದ ಹೇಳಿ ಬೆಳೆಸಿರುತ್ತಾರೆ. ಅದಕ್ಕೇ ಕಡಿಮೆ ಬಡಿಸಿಕೊಳ್ಳಿ. ನಾನು ಮಗಳು ಚಿಕ್ಕವಳಿದ್ದಾಗ ಉಣ್ಣುತ್ತಿದ್ದ ಸ್ಟೀಲ್ ತಟ್ಟೆಯನ್ನು ಅಟ್ಟದಿಂದ ಇಳಿಸಿಕೊಂಡೆ. ಇವತ್ತಿಗೂ ಅದರಲ್ಲೇ ಊಟ.

ಮುದ್ದೆಯನ್ನು ಪೂರ್ತಿ ಬಿಟ್ಟಿಲ್ಲ. ವರ್ಷ ಕಳೆದ ಮೇಲೆ ನಿಂಬೆಹಣ್ಣಿನ ಗಾತ್ರದಷ್ಟು ತೆಗೆದುಕೊಂಡು, ಸಾರಿನಲ್ಲಿ ಕಿವುಚಿ, ಅಗಿದು ತಿನ್ನುತ್ತೇನೆ. ಜೋಳದ ರೊಟ್ಟಿ ನನಗೆ ಮುದ್ದೆಗಿಂತ ಸುಲಭ. ಬಿಸಿ ರೊಟ್ಟಿ, ಅರ್ಧ. ಖಡಕ್ ರೊಟ್ಟಿ ಚೂರುಗಳು ಚುಚ್ಚುತ್ತವೆ, ಅದನ್ನು ಮೊಸರಲ್ಲಿ ನೆನೆಸಿಕೊಳ್ಳಿ.

ದಿನಕ್ಕೆ 60 ಗ್ರಾಂ

ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು ಅನ್ನುತ್ತಾರೆ. ನಿಮ್ಮ ಡಾಕ್ಟರು ಇನ್ನೂ ಜಾಸ್ತಿ ಹೇಳಿರಬಹುದು. ಅದು ಸಿಗದಿದ್ದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಸುಸ್ತು ಹೆಚ್ಚುತ್ತದೆ, ಕೂದಲು ಉದುರುತ್ತದೆ. ಕೇಳಲು 60 ಸಣ್ಣ ಸಂಖ್ಯೆ. ಆದರೆ ನಮ್ಮ ಕಡೆ ಊಟ ಅಂದರೆ ಅನ್ನ, ರೊಟ್ಟಿ, ಅವಲಕ್ಕಿ, ಮಂಡಕ್ಕಿ. ಇದರಲ್ಲಿ ಅಷ್ಟು ತುಂಬಿಸುವುದು ಸುಲಭ ಅಲ್ಲ. ಅದೂ ಇಷ್ಟು ಚಿಕ್ಕ ಹೊಟ್ಟೆಯಲ್ಲಿ.

ನನ್ನ ಒಂದು ದಿನ ಹೀಗಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಬೇಯಿಸಿದ ಮೊಟ್ಟೆ ಎರಡು, ಅಲ್ಲಿಗೆ 12 ಗ್ರಾಂ. ಹನ್ನೊಂದಕ್ಕೆ ಪ್ರೊಟೀನ್ ಪುಡಿ ನೀರಿನಲ್ಲಿ ಕಲಸಿ, ಸುಮಾರು 20. ಡಬ್ಬಿಯ ಹಿಂದೆ ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ. ಮಧ್ಯಾಹ್ನ ಮೊಳಕೆ ಕಾಳಿನ ಪಲ್ಯ ಒಂದು ಬಟ್ಟಲು, ಅರ್ಧ ರೊಟ್ಟಿ, ಚಿಕ್ಕ ಬಟ್ಟಲು ಮೊಸರು, ಎಲ್ಲ ಸೇರಿ ಸುಮಾರು 12. ಸಂಜೆ 50 ಗ್ರಾಂ ಪನೀರು, ಕಾಳುಮೆಣಸು ಹಾಕಿ ಹಂಚಿನ ಮೇಲೆ ಬಾಡಿಸಿದ್ದು, ಅದು 9. ರಾತ್ರಿ ಸೋಯಾ ಉಂಡೆ ಒಣದ್ದು 20 ಗ್ರಾಂ ನೆನೆಸಿ ಹಿಂಡಿ ಮಾಡಿದ ಪಲ್ಯ, ಅದರಲ್ಲಿ 10. ಕೂಡಿಸಿದರೆ 63. ಮಾಂಸ, ಮೀನು ತಿನ್ನುವವರಿಗೆ ಇನ್ನೂ ಸುಲಭ. ಚಿಕನ್ ಮಾತ್ರ ಒಣಗಿದ ಹಾಗೆ ಹುರಿಯಬೇಡಿ, ಗಂಟಲ ಕೆಳಗೆ ಸಿಕ್ಕಿಕೊಳ್ಳುತ್ತದೆ. ಸಾರಿನಲ್ಲೇ ಮೆತ್ತಗೆ ಬೇಯಲಿ.

ಯಾವ ಊಟವಾದರೂ ಮೊದಲು ಪ್ರೊಟೀನ್ ತಿನ್ನಿ, ಆಮೇಲೆ ತರಕಾರಿ, ಕೊನೆಗೆ ಅನ್ನ ಅಥವಾ ರೊಟ್ಟಿ. ಬಿಕ್ಕಳಿಕೆ ಬರುವ ಹೊತ್ತಿಗೆ ಬೇಕಾದ್ದು ಒಳಗೆ ಹೋಗಿರುತ್ತದೆ.

ನಾಲ್ಕು ಗಂಟೆ

ಈಗ ನನ್ನ 8 ಕೆಜಿ ವಿಷಯಕ್ಕೆ ಬರುತ್ತೇನೆ.

ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ ನೆನಪಾಗುತ್ತದೆ. ಆಪರೇಷನ್ ಆಗುವ ಮೊದಲು ನಾನೂ ಅದಕ್ಕೇ ಹೆದರಿದ್ದೆ. ಆದರೆ ಬೆಣ್ಣೆ ದೋಸೆ ನನಗೆ ಏನೂ ತೊಂದರೆ ಮಾಡಲಿಲ್ಲ. ಅದು ಗಟ್ಟಿ ಆಹಾರ. ಅರ್ಧ ದೋಸೆ, ಒಂದು ಚಮಚ ಆಲೂ ಪಲ್ಯ ತಿನ್ನುವಷ್ಟರಲ್ಲಿ ಬಿಕ್ಕಳಿಕೆ ಬಂದುಬಿಡುತ್ತದೆ. ಈಗಲೂ ತಿಂಗಳಿಗೊಮ್ಮೆ ಮಗಳ ಜೊತೆ ಹೋಗಿ ಒಂದು ದೋಸೆ ಇಬ್ಬರು ಹಂಚಿಕೊಂಡು ತಿನ್ನುತ್ತೇವೆ. ಖುಷಿಯಾಗಿ ತಿನ್ನುತ್ತೇನೆ.

ನನ್ನನ್ನು ಹಿಡಿದಿದ್ದು ಮಂಡಕ್ಕಿ. ನಮ್ಮ ಊರಿನ ಭಟ್ಟಿಯಿಂದ ಬರುವ ಬಿಸಿಬಿಸಿ ಮಂಡಕ್ಕಿ. ಸಂಜೆ ನಾಲ್ಕಕ್ಕೆ ಅಂಗಡಿಯಲ್ಲಿ ಕೈಹೊಲಿಗೆ ಹಾಕುವ ಹುಡುಗಿಯರು, ಪಕ್ಕದ ಫ್ಯಾನ್ಸಿ ಸ್ಟೋರ್‌ನ ಅಕ್ಕ, ಯಾರಾದರೂ ಗಿರಾಕಿ, ಎಲ್ಲ ಸೇರಿ ಪೇಪರ್ ಹಾಸಿ ಖಾರ ಮಂಡಕ್ಕಿ ಕಲಸುತ್ತೇವೆ. ಈರುಳ್ಳಿ, ಟೊಮೆಟೊ, ಹುರಿಗಡಲೆ ಪುಡಿ, ಹಸಿ ಎಣ್ಣೆ. ಜೊತೆಗೆ ಮೆಣಸಿನಕಾಯಿ ಬಜ್ಜಿ. ಇಪ್ಪತ್ತು ವರ್ಷದ ರೂಢಿ ಇದು. ಹೊಟ್ಟೆಗೆ ಆಪರೇಷನ್ ಆಯಿತು, ಅಂಗಡಿಯ ನಾಲ್ಕು ಗಂಟೆ ಹಾಗೇ ಉಳಿಯಿತು.

ಮಂಡಕ್ಕಿ ಹಗುರ, ಅದರಿಂದೇನು ತೂಕ ಬರುತ್ತೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲೇ ನೋಡಿ ಸೂಕ್ಷ್ಮ. ಮಂಡಕ್ಕಿ ಬಾಯಲ್ಲೇ ಕರಗಿಬಿಡುತ್ತದೆ. ಕರಗಿದ್ದು ಸ್ಲೀವ್‌ನ ಕೊಳವೆಯಲ್ಲಿ ನಿಲ್ಲುವುದಿಲ್ಲ, ಜಾರಿ ಕೆಳಗೆ ಹೋಗುತ್ತದೆ. ಹೊಟ್ಟೆ ತುಂಬಿದ ಗುರುತೇ ಬರುವುದಿಲ್ಲ. ಎರಡು ಇಡ್ಲಿ ತಿನ್ನಲು ಆಗದ ನಾನು ಒಂದು ಗಂಟೆಯ ಹರಟೆಯಲ್ಲಿ ದೊಡ್ಡ ಪಾತ್ರೆ ಮಂಡಕ್ಕಿಯಲ್ಲಿ ಅರ್ಧದಷ್ಟು ತಿಂದಿರುತ್ತಿದ್ದೆ. ಒಂದು ಬಟ್ಟಲು ಮಂಡಕ್ಕಿಯಲ್ಲಿ ಪ್ರೊಟೀನ್ ಒಂದೆರಡು ಗ್ರಾಂ ಅಷ್ಟೇ. ಮೇಲೆ ಎಣ್ಣೆ, ಬಜ್ಜಿ. ಬಿಸ್ಕತ್ತು, ಚಿಪ್ಸ್, ಖಾರಾ ಸೇವು, ಐಸ್‌ಕ್ರೀಂ, ಸಕ್ಕರೆ ಹಾಕಿದ ಚಹಾ, ಎಲ್ಲ ಇದೇ ಜಾತಿ. ಜಾರುವ ತಿಂಡಿಗಳು ಅಂತ ನಾನು ಕರೆಯುತ್ತೇನೆ. ಆಪರೇಷನ್ ಆದವರ ತೂಕ ವಾಪಸ್ ಬರುವುದರಲ್ಲಿ ಇವುಗಳ ಪಾಲು ದೊಡ್ಡದು.

ಇದನ್ನು ಗಟ್ಟಿ ಮನಸ್ಸು ಮಾಡಿ ಬಿಡಬೇಕು ಅಂತ ನಾನು ಮೂರು ಸಲ ಪ್ರಯತ್ನಪಟ್ಟೆ. ಮೂರು ಸಲವೂ ವಾರದೊಳಗೆ ಮುರಿಯಿತು. ಹಸಿದ ಹೊತ್ತಿನಲ್ಲಿ ಮುಂದೆ ಪೇಪರ್ ಹಾಸಿರುವಾಗ ಮನಸ್ಸು ಎಷ್ಟು ಹೊತ್ತು ತಡೆದೀತು? ಆಮೇಲೆ ಬೇರೆ ದಾರಿ ಹಿಡಿದೆ.

ಮೊದಲನೆಯದು, ಹಸಿವನ್ನು ನಾಲ್ಕರವರೆಗೆ ಬಿಡಲಿಲ್ಲ. ಪನೀರನ್ನು ಮೂರೂವರೆಗೆ ತಿನ್ನಲು ಶುರು ಮಾಡಿದೆ. ಮೊಬೈಲಿನಲ್ಲಿ ಅಲಾರಂ ಇದೆ, ಹೊಲಿಗೆ ಎಷ್ಟೇ ಅರ್ಜೆಂಟ್ ಇದ್ದರೂ ಎದ್ದು ತಿನ್ನುತ್ತೇನೆ. ಪನೀರು ಇಲ್ಲದ ದಿನ 30 ಗ್ರಾಂ ಪುಟಾಣಿ. ಅದು ಅಗಿಯಬೇಕಾದ ತಿಂಡಿ, ಹೊಟ್ಟೆಯಲ್ಲಿ ನಿಲ್ಲುತ್ತದೆ, 6 ಗ್ರಾಂ ಪ್ರೊಟೀನೂ ಸಿಗುತ್ತದೆ. ಶೇಂಗಾ ಕೂಡ ಒಳ್ಳೆಯದೇ. ಆದರೆ ನಾನು ಶೇಂಗಾ ಸೀಮೆಯವಳು, ಡಬ್ಬಿ ಹತ್ತಿರ ಇದ್ದರೆ ಕೈ ನಿಲ್ಲುವುದಿಲ್ಲ. ಎಣ್ಣೆ ಕಾಳು ಅದು, ಎಣಿಸಿ ಒಂದು ಮುಷ್ಟಿ ಮಾತ್ರ ಹೊರಗಿಟ್ಟು ಡಬ್ಬಿ ಒಳಗಿಡಿ.

ಎರಡನೆಯದು, ಹುಡುಗಿಯರಿಗೆ ಬಾಯಿಬಿಟ್ಟು ಹೇಳಿದೆ. "ನೀವು ತಿನ್ನಿ, ಆದರೆ ನನ್ನ ಮುಂದೆ ಹಾಸಬೇಡಿ, ನಂಗೆ ಕಷ್ಟ ಆಗುತ್ತೆ" ಅಂದೆ. ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಅವರಿಗೆ ಒಪ್ಪಲು ಒಂದು ನಿಮಿಷ ಸಾಕಾಯಿತು. ಈಗ ಅವರು ಪಕ್ಕದ ಅಂಗಡಿಯ ಜಗುಲಿಯಲ್ಲಿ ಕೂರುತ್ತಾರೆ. ನಾನು ಆ ಹೊತ್ತಿಗೆ ಫಾಲ್ಸ್ ಹಚ್ಚುವ ಕೆಲಸ ಇಟ್ಟುಕೊಳ್ಳುತ್ತೇನೆ. ಸೂಜಿ ಹಿಡಿದ ಕೈಗೆ ಎಣ್ಣೆ ತಾಗಬಾರದು. ಸೀರೆ ಕೆಡುತ್ತದೆ ಅನ್ನುವ ಭಯ ಮನಸ್ಸಿನ ಹುರುಪಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೂರನೆಯದು, ಹರಟೆಯನ್ನು ಬಿಡಲಿಲ್ಲ. ಮಂಡಕ್ಕಿಯ ಜೊತೆ ಆ ಒಂದು ಗಂಟೆಯ ನಗುವೂ ಹೋಗಿಬಿಟ್ಟರೆ ಬದುಕು ಒಣಗಿದ ಹಾಗೆ. ಅವರು ತಿಂದು ಮುಗಿಸಿದ ಮೇಲೆ ನಾನು ಹೋಗಿ ಕೂರುತ್ತೇನೆ.

ನಿಮ್ಮ ನಾಲ್ಕು ಗಂಟೆ ಬೇರೆ ಇರಬಹುದು. ಆಫೀಸಿನ ಚಹಾ ಹೊತ್ತು, ರಾತ್ರಿ ಹತ್ತರ ಟಿವಿ, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುವ ಹೊತ್ತು. ಒಂದು ವಾರ ಏನು, ಎಷ್ಟು ಹೊತ್ತಿಗೆ, ಯಾರ ಜೊತೆ ತಿಂದಿರಿ ಅಂತ ಬರೆಯಿರಿ. ನಾನು ಗಿರಾಕಿಗಳ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದೆ. ಮೂರನೇ ದಿನಕ್ಕೇ ಗೊತ್ತಾಯಿತು. ಊಟದಲ್ಲಿ ಎಲ್ಲೂ ತಪ್ಪಿರಲಿಲ್ಲ. ನಾಲ್ಕರಿಂದ ಆರರವರೆಗಿನ ಸಾಲುಗಳು ಮಾತ್ರ ತುಂಬಿದ್ದವು. ಬದಲಾಯಿಸಬೇಕಾದ್ದು ಇಡೀ ಬದುಕಲ್ಲ, ಎರಡು ಗಂಟೆ ಅಷ್ಟೇ ಅಂತ ಕಂಡಾಗ ಎಷ್ಟು ನಿರಾಳ ಆಯಿತು ಗೊತ್ತಾ!

ನೀರು, ಚಹಾ, ಮಾತ್ರೆ

ಊಟದ ಜೊತೆ ನೀರು ಕುಡಿಯಬೇಡಿ. ಊಟ ಆಗಿ ಅರ್ಧ ಗಂಟೆ ಬಿಡಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಒಳಗೆ ಹೋಗಬೇಕು, ಅದೂ ಗುಟುಕು ಗುಟುಕಾಗಿ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಗಟಗಟ ಕುಡಿಯೋಣ ಅನಿಸುತ್ತದೆ, ಆದರೆ ಕೊಳವೆ ತಡೆಯುವುದಿಲ್ಲ. ನಾನು ಅರ್ಧ ಲೀಟರಿನ ಬಾಟಲಿಯನ್ನು ಮಷಿನ್ ಪಕ್ಕ ಇಟ್ಟಿರುತ್ತೇನೆ. ಒಂದು ತೋಳು ಜೋಡಿಸಿದರೆ ಎರಡು ಗುಟುಕು. ಹನ್ನೊಂದಕ್ಕೆ ಒಂದು ಬಾಟಲಿ, ಊಟಕ್ಕೆ ಮೊದಲು ಇನ್ನರ್ಧ. ಹೀಗೆ ಹೊತ್ತಿಗೆ ಕಟ್ಟಿಹಾಕಿದರೆ ಮಾತ್ರ ಲೆಕ್ಕ ಸಿಗುತ್ತದೆ.

ಚಹಾದ ಸಕ್ಕರೆ ಬಿಟ್ಟೆ. ಗಿರಾಕಿಗಳ ಜೊತೆ ದಿನಕ್ಕೆ ಐದಾರು ಲೋಟ ಆಗುತ್ತಿತ್ತು, ಈಗ ಎರಡು.

ಮಾತ್ರೆಗಳ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೇನೆ. ನೀವು ಮಾಡಬೇಡಿ. ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12, ಇವು ಸಾಮಾನ್ಯವಾಗಿ ಜೀವನಪೂರ್ತಿ ಬೇಕು. ತಿನ್ನುವುದು ಕಡಿಮೆ, ಹೊಟ್ಟೆಯ ಆಮ್ಲವೂ ಕಡಿಮೆ, ಹಾಗಾಗಿ ಊಟದಿಂದಲೇ ಎಲ್ಲ ಸಿಗುವುದಿಲ್ಲ. ನಾನು ಎರಡನೇ ವರ್ಷ "ಚೆನ್ನಾಗೇ ಇದ್ದೀನಲ್ಲ" ಅಂತ ನಿಲ್ಲಿಸಿದೆ. ಮೂರನೇ ವರ್ಷಕ್ಕೆ ಮೆಟ್ಟಿಲು ಹತ್ತಿದರೆ ಏದುಸಿರು. ವಾಕಿಂಗ್ ಬೇಡ, ಅಡುಗೆ ಬೇಡ, ಏನೂ ಬೇಡ. ನನಗೆ ಸೋಮಾರಿತನ ಬಂದಿದೆ, ಮನಸ್ಸು ಗಟ್ಟಿ ಇಲ್ಲ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕಡಿಮೆ, ಕಬ್ಬಿಣವೂ ಕಡಿಮೆ. ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳಲ್ಲಿ ಕಾಲು ತಾನಾಗಿ ವಾಕಿಂಗಿಗೆ ಹೊರಟವು. ಹುರುಪು ಹೋಗಿದೆ ಅನಿಸಿದರೆ ನಿಮ್ಮನ್ನು ಬೈದುಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮೊದಲ ವರ್ಷ 3, 6, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಅಂತ ನನಗೆ ಹೇಳಿದ್ದರು.

ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ. ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಚಹಾದ ಜೊತೆಯೂ ಬೇಡ. ನಾನು ಕಬ್ಬಿಣವನ್ನು ಬೆಳಿಗ್ಗೆ ನಿಂಬೆ ನೀರಿನ ಜೊತೆ, ಕ್ಯಾಲ್ಸಿಯಂ ಸಿಟ್ರೇಟನ್ನು ಮಧ್ಯಾಹ್ನ ಮತ್ತು ರಾತ್ರಿ ತೆಗೆದುಕೊಳ್ಳುತ್ತೇನೆ. ಡೋಸ್ ನಿಮ್ಮ ಡಾಕ್ಟರು ಹೇಳಿದಷ್ಟು.

ಹಾಗೇ ಬೆನ್ನುನೋವು, ತಲೆನೋವಿಗೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಮಾತ್ರೆ ಕೇಳಿ ತರಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ನೇರ ಜೋಡಿಸುವ ಇನ್ನೊಂದು ಥರದ ತೂಕದ ಆಪರೇಷನ್ ಇದೆ, ಬೈಪಾಸ್ ಅಂತ. ಅದು ಆದವರಿಗಂತೂ ಅಪಾಯ ಜಾಸ್ತಿ. ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ. ನಮ್ಮ ಮನೆಯಲ್ಲಿ ಎಲ್ಲರ ಮೊಬೈಲಿನಲ್ಲೂ ನನ್ನ ಡಿಸ್ಚಾರ್ಜ್ ಸಮರಿಯ ಫೋಟೊ ಇದೆ.

ಜನರ ಮಾತು

"ಯಾಕಕ್ಕ ಇಷ್ಟು ಸೊರಗಿದ್ದೀಯ? ಶುಗರ್ ಜಾಸ್ತಿ ಆಯ್ತಾ?" ಇದನ್ನು ಮೊದಲ ವರ್ಷ ದಿನಕ್ಕೆ ಎರಡು ಸಲ ಕೇಳಿದ್ದೇನೆ. ಮುಖ ಬಾಡಿತ್ತು, ನಿಜ. ನಾಲ್ಕನೇ ತಿಂಗಳಿಂದ ಬಾಚಣಿಗೆ ತುಂಬ ಕೂದಲು. ಬೇಗ ತೂಕ ಇಳಿದಾಗ ಮೂರರಿಂದ ಆರನೇ ತಿಂಗಳ ಹೊತ್ತಿಗೆ ಕೂದಲು ಉದುರುವುದು ಸಾಮಾನ್ಯ. ಬೇರು ಸತ್ತಿರುವುದಿಲ್ಲ, ಪ್ರೊಟೀನ್, ಕಬ್ಬಿಣ ಸರಿ ಇದ್ದರೆ ಮತ್ತೆ ಬರುತ್ತದೆ. ನನಗೆ ವರ್ಷ ತುಂಬುವಷ್ಟರಲ್ಲಿ ಹಣೆಯ ಮೇಲೆ ಪುಟ್ಟ ಕೂದಲು ಎದ್ದು ನಿಂತಿದ್ದವು.

ಆಪರೇಷನ್ ಆಗಿದ್ದನ್ನು ಎಲ್ಲರಿಗೂ ಹೇಳಬೇಕಾಗಿಲ್ಲ. ಆದರೆ ಅಡುಗೆಮನೆ ಯಾರ ಕೈಯಲ್ಲಿ ಇದೆಯೋ ಅವರಿಗೆ ಪೂರ್ತಿ ಹೇಳಿ. ನಮ್ಮತ್ತೆಯವರು ಮೊದಲು "ಹೀಗೆ ಹಕ್ಕಿ ಥರ ತಿಂದ್ರೆ ಬದುಕ್ತೀಯಾ?" ಅಂತ ತುಪ್ಪ ಹಾಕಿ ಹಾಕಿ ಕೊಡುತ್ತಿದ್ದರು. ಅವರನ್ನು ಮೂರನೇ ತಿಂಗಳ ಚೆಕಪ್‌ಗೆ ಜೊತೆಗೆ ಕರೆದುಕೊಂಡು ಹೋದೆ. ಡಯಟಿಶಿಯನ್ ಮೇಡಂ ಅವರಿಗೇ ಕೂರಿಸಿ ವಿವರಿಸಿದರು. ಅವತ್ತಿನಿಂದ ಕಾಳು ಮೊಳಕೆ ಕಟ್ಟುವ ಕೆಲಸ ಅತ್ತೆಯವರದ್ದೇ. ಮಡಿಕೆ ಕಾಳು, ಹೆಸರುಕಾಳು, ಹುರುಳಿ, ವಾರಕ್ಕೆ ಸರದಿ ಹಾಕಿ ಕಟ್ಟುತ್ತಾರೆ. ನಾನು ಮರೆತರೂ ಅವರು ಮರೆಯುವುದಿಲ್ಲ.

ತೂಕ ಮತ್ತೆ ಏರಿದಾಗ ನಾನು ಮಾಡಿದ ಇನ್ನೊಂದು ತಪ್ಪು ಹೇಳಿಬಿಡುತ್ತೇನೆ. ನಾಚಿಕೆಯಿಂದ ಒಂದು ವರ್ಷ ಚೆಕಪ್‌ಗೆ ಹೋಗಲಿಲ್ಲ. ಇಷ್ಟು ದುಡ್ಡು ಖರ್ಚು ಮಾಡಿ ಕೆಡಿಸಿಕೊಂಡೆಯಲ್ಲ ಅಂತ ಕೇಳುತ್ತಾರೆ ಅಂತ ಭಯ. ಮನೆಯ ತೂಕದ ಮಷಿನನ್ನೂ ಮಂಚದ ಕೆಳಗೆ ತಳ್ಳಿದ್ದೆ. ಕೊನೆಗೆ ಹೋದಾಗ ಡಾಕ್ಟರು ಬೈಯಲಿಲ್ಲ. ಎರಡು ವರ್ಷದ ನಂತರ ಸ್ವಲ್ಪ ಏರುವುದು ಬಹಳ ಜನಕ್ಕೆ ಆಗುತ್ತದೆ, 3 ಕೆಜಿ ಏರಿದಾಗ ಬಂದಿದ್ದರೆ ಇನ್ನೂ ಸುಲಭವಾಗುತ್ತಿತ್ತು ಅಂದರು ಅಷ್ಟೇ. ಈಗ ನನ್ನ ಗಡಿ 3 ಕೆಜಿ. ಅಳತೆ ಬ್ಲೌಸಿನ ಹುಕ್ಕು ಎರಡು ತಿಂಗಳು ಸತತವಾಗಿ ಎಳೆದರೆ, ಅಥವಾ 3 ಕೆಜಿ ಏರಿದರೆ, ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳುತ್ತೇನೆ.

ವಾಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರದ ದಿನ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ 40 ನಿಮಿಷ. ಭಾನುವಾರ ಕುಂದುವಾಡ ಕೆರೆ ಏರಿಯ ಮೇಲೆ, ಗಾಜಿನಮನೆ ನೋಡುತ್ತಾ. ಅಲ್ಲಿ ಜೊತೆಗೆ ಒಬ್ಬ ಗೆಳತಿ ಬರುತ್ತಾಳೆ. ಅವಳು ಕಾಯುತ್ತಾಳೆ ಅಂತಲೇ ನಾನು ಏಳುತ್ತೇನೆ. ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತರಂತೆ ಮೂರು ಸಲ. ತೊಡೆಯ ಬಲ ಉಳಿಯಲು ಇದು ಬೇಕು.

ಯಾವಾಗ ಕಾಯಬಾರದು

ಒಂದು ದಿನ ಪೂರ್ತಿ ನೀರೂ ನಿಲ್ಲದೆ ವಾಂತಿ ಆದರೆ, ಜ್ವರದ ಜೊತೆ ಹೊಟ್ಟೆನೋವು ಬಂದರೆ, ಎದೆ ಬಡಿತ ಜೋರಾದರೆ, ಮಲ ಕಪ್ಪಾದರೆ, ಒಂದು ಕಾಲು ಊದಿದರೆ, ಮನೆಮದ್ದು ಮಾಡುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ದಿನಗಟ್ಟಲೆ ವಾಂತಿ ಆಗಿ ಪಾದ ಜುಮ್ಮೆನ್ನುವುದು, ನಡಿಗೆ ತೂರಾಡುವುದು, ಕಣ್ಣಿಗೆ ಎರಡೆರಡಾಗಿ ಕಾಣುವುದು ಬಿ1 ಕೊರತೆ ಇರಬಹುದು, ಅದು ತುರ್ತು. ಬಲ ಪಕ್ಕೆಯ ಕೆಳಗೆ ಊಟ ಆದ ಮೇಲೆ ನೋವು ಬರುತ್ತಿದ್ದರೆ ಪಿತ್ತಕೋಶದ ಕಲ್ಲು ಇದೆಯಾ ಅಂತ ಸ್ಕ್ಯಾನ್ ಮಾಡಿಸಬೇಕು. ಬೇಗ ತೂಕ ಇಳಿದವರಲ್ಲಿ ಅದು ಆಗುತ್ತದೆ. ಮಗು ಬೇಕು ಅನ್ನುವ ಹುಡುಗಿಯರು 12ರಿಂದ 18 ತಿಂಗಳು ಕಾಯಬೇಕು, ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ.

ಮದುವೆ, ಜಾತ್ರೆ

ಮದುವೆ ಊಟದಲ್ಲಿ ನಮಗೆ ಒಂದು ಒಳ್ಳೆಯ ಗೆಳೆಯ ಇದ್ದಾನೆ, ಹೆಸರುಬೇಳೆ ಕೋಸಂಬರಿ. ಅದನ್ನು ಎರಡು ಸಲ ಹಾಕಿಸಿಕೊಳ್ಳಿ, ಅದರಿಂದಲೇ ಶುರು ಮಾಡಿ. ಆಮೇಲೆ ಕಾಳು ಪಲ್ಯ. ಎಲೆಯ ಮೇಲೆ ಕೈ ಅಡ್ಡ ಇಟ್ಟರೂ ಬಡಿಸುವವರು ಬಿಡುವುದಿಲ್ಲ, ಅದಕ್ಕೆ ಸಾಲಿನ ಕೊನೆಯಲ್ಲಿ ಕೂತರೆ ಒಳ್ಳೆಯದು. ಹೋಳಿಗೆಯನ್ನು ಪಕ್ಕದಲ್ಲಿ ಕೂತ ಮಗುವಿಗೆ ಮುಕ್ಕಾಲು ಕೊಟ್ಟು ಕಾಲು ಭಾಗ ತಿನ್ನುತ್ತೇನೆ. ಬೈಪಾಸ್ ಆದವರು ಸಿಹಿಯಲ್ಲಿ ಇನ್ನೂ ಹುಷಾರಾಗಿರಿ. ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು ಬೆವರು, ಎದೆ ಬಡಿತ, ಬೇಧಿ ಎಲ್ಲ ಆಗಬಹುದು.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮನೆ ತುಂಬ ನೆಂಟರು, ಒಲೆ ಆರುವುದೇ ಇಲ್ಲ. ಹೋದ ಸಲ ನಾನು ಬೆಳಿಗ್ಗೆಯೇ ಆರು ಮೊಟ್ಟೆ ಬೇಯಿಸಿ, ಪ್ರೊಟೀನ್ ಪುಡಿಯ ಡಬ್ಬಿಯನ್ನು ದೇವರ ಕೋಣೆ ಪಕ್ಕದ ಗೂಡಿನಲ್ಲಿಟ್ಟು, ಹೊತ್ತು ಹೊತ್ತಿಗೆ ಹೋಗಿ ಬರುತ್ತಿದ್ದೆ. ನೆಂಟರ ಜೊತೆ ಕೂತಾಗ ಎಲ್ಲವನ್ನೂ ಒಂದೊಂದು ಚಮಚ ತಿಂದೆ. ಹೋಳಿಗೆ ತಿಂದೆ. ಸಂಜೆ ಮಂಡಕ್ಕಿಯನ್ನೂ ತಿಂದೆ, ಒಂದು ಬಟ್ಟಲಿಗೆ ಹಾಕಿಕೊಂಡು, ಪೇಪರಿನಿಂದ ಅಲ್ಲ. ಜಾತ್ರೆಯ ಮಾರನೇ ದಿನ ತೂಕ ನೋಡಬೇಡಿ. ಉಪ್ಪಿಗೆ ಮೈಯಲ್ಲಿ ನೀರು ನಿಂತಿರುತ್ತದೆ, ಕೆಜಿ ಎರಡು ಕೆಜಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಮಾರನೇ ದಿನ ಎದ್ದು ಬಾಟಲಿಗೆ ನೀರು ತುಂಬಿ, ಎರಡು ಮೊಟ್ಟೆ ಬೇಯಲು ಇಡಿ. ತೂಕವನ್ನು ಮುಂದಿನ ಶನಿವಾರ ನೋಡಿ.